ಈ ನೆಮ್ಮದಿ ನನ್ನದೋ, ಗುಳಿಗೆಯದೋ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 38. ಕಳೆದ ವರ್ಷ ನಿದ್ದೆ, ಹಸಿವು ಎರಡೂ ಹೋಗಿ, ಮಕ್ಕಳ ಮುಂದೆ ನಿಂತರೂ ಮಾತು ಹೊರಡದಂತಾದಾಗ, ಪರಿಚಿತರ ಕಣ್ಣಿಗೆ ಬೀಳದಿರಲೆಂದು ಕಲಬುರಗಿಗೆ ಹೋಗಿ ಮನೋವೈದ್ಯರನ್ನು ಕಂಡೆ. ಖಿನ್ನತೆ ಎಂದು ಹೇಳಿ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ. ಬರೆದುಕೊಟ್ಟರು. ಒಂಬತ್ತು ತಿಂಗಳಾಗಿದೆ, ಐದು ತಿಂಗಳಿಂದ ಚೆನ್ನಾಗಿದ್ದೇನೆ. ಡಿ.ಇಡಿ. ಓದುವಾಗಲೂ ಒಮ್ಮೆ ಹೀಗಾಗಿ ತಾನಾಗಿಯೇ ಸರಿಹೋಗಿತ್ತು. ಈಗಿನ ನೆಮ್ಮದಿ ನನ್ನದೋ, ಗುಳಿಗೆಯದೋ ಎಂಬ ಸಂಶಯ ಬಿಡುತ್ತಿಲ್ಲ. ಯುಗಾದಿಗೆ ತವರಿಗೆ ಹೋದಾಗ ಬಿಟ್ಟು ನೋಡಿದೆ. ಮೂರನೆಯ ದಿನಕ್ಕೆ ತಲೆ ತಿರುಗಿ, ತಲೆಯೊಳಗೆ ಕರೆಂಟ್ ಹೊಡೆದಂತಾಯಿತು. ಮತ್ತೆ ಶುರು ಮಾಡಿದ ಮೇಲೆ ಸರಿಹೋಯಿತು. ಇದು ಚಟವಲ್ಲವೇ? ಅತ್ತೆಯವರು ‘ತಲಿ ಕೆಟ್ಟವರ ಗುಳಿಗಿ’ ಎನ್ನುತ್ತಾರೆಂದು ತೊಗರಿಬೇಳೆ ಡಬ್ಬಿಯಲ್ಲಿ ಬಚ್ಚಿಡುತ್ತೇನೆ. ಇದರ ಹೊರತು ಬೇರೆ ಔಷಧವಿಲ್ಲ. ವಾರದಲ್ಲಿ ನಾಲ್ಕೈದು ರಾತ್ರಿ ನಿದ್ದೆಗೆಂದು ಮೆಡಿಕಲ್ ಅಂಗಡಿಯಿಂದ ತಂದ ಅಲ್‌ಪ್ರಜೋಲಾಮ್ 0.5 ಅಷ್ಟೇ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಕಳವಳಕ್ಕೀಡುಮಾಡಿದ್ದು ಆ ಕೊನೆಯ ‘ಅಷ್ಟೇ’. ನೀವು ಹೆದರಬೇಕಾದ ಗುಳಿಗೆಗೆ ಹೆದರದೆ, ಇನ್ನೊಂದಕ್ಕೆ ಹೆದರುತ್ತಿದ್ದೀರಿ.

ಅಲ್‌ಪ್ರಜೋಲಾಮ್ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮನಸ್ಸು ಹಗುರವಾಗುತ್ತದೆ, ಕಣ್ಣು ಎಳೆಯುತ್ತದೆ. ದೇಹ ಅದನ್ನು ಬೇಗ ರೂಢಿಸಿಕೊಳ್ಳುವುದಕ್ಕೂ ಅದೇ ಕಾರಣ. ಕೆಲವು ವಾರಗಳಲ್ಲಿ ಅದೇ ಪ್ರಮಾಣ ಸಾಲದಾಗುತ್ತದೆ, ಅದಿಲ್ಲದ ರಾತ್ರಿ ಮೊದಲಿಗಿಂತ ಕೆಟ್ಟದಾಗುತ್ತದೆ. ನಿಜವಾದ ಅವಲಂಬನೆ ಹುಟ್ಟುವುದು ಇಲ್ಲಿ. ಕಾನೂನು ಇದನ್ನು ಎಚ್1 ಪಟ್ಟಿಯಲ್ಲಿಟ್ಟು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕೆಂದೂ ಹೇಳಿರುವುದು ಸುಮ್ಮನೆ ಅಲ್ಲ. ಹಾಗೆಂದು ಇವತ್ತೇ ಕೈಬಿಡಬೇಡಿ. ನಿಯಮಿತವಾಗಿ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಎಷ್ಟೆಷ್ಟು ಇಳಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು, ಅದಕ್ಕಾಗಿ ಅವರಿಗೆ ಮೊದಲು ಈ ವಿಷಯ ತಿಳಿಯಬೇಕು.

ಎಸ್ಸಿಟಲೋಪ್ರಾಮಿನ ನಡವಳಿಕೆಯೇ ಬೇರೆ. ಅದರ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಅದಕ್ಕಾಗಿ ಮನಸ್ಸು ಹಪಹಪಿಸುವುದಿಲ್ಲ, ಖಿನ್ನತೆಯಿಲ್ಲದವರು ನುಂಗಿದರೆ ಅಮಲೂ ಏರುವುದಿಲ್ಲ. ಆದರೆ ತಿಂಗಳುಗಟ್ಟಲೆ ಇದ್ದ ಔಷಧಕ್ಕೆ ಮಿದುಳು ಹೊಂದಿಕೊಂಡಿರುತ್ತದೆ. ಹಠಾತ್ತನೆ ತೆಗೆದಾಗ ತಲೆಸುತ್ತು, ವಾಕರಿಕೆ, ಸಿಡುಕು, ನೀವು ಹೇಳಿದ ಆ ಕರೆಂಟ್ ಹೊಡೆತ ಕಾಣಿಸಿಕೊಳ್ಳುತ್ತವೆ. ಇದನ್ನು ಚಟವೆನ್ನಲಾಗದು, ಕಾಯಿಲೆ ಮರಳಿತೆಂದೂ ಅಲ್ಲ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ ನಿಧಾನವಾಗಿ ಮರಳುತ್ತದೆ, ಮೂರನೆಯ ದಿನಕ್ಕೆ ಬಾಗಿಲು ಬಡಿಯುವುದಿಲ್ಲ. ಈ ತೊಂದರೆಯನ್ನು ವೈದ್ಯರಾದ ನಾವು ಬಹುಕಾಲ ಹಗುರವಾಗಿ ಕಂಡೆವೆಂದು ಒಪ್ಪಿಕೊಳ್ಳಬೇಕು. ಕೆಲವರಿಗೆ ಪ್ರಮಾಣ ಇಳಿಸಲು ತಿಂಗಳುಗಳೇ ಹಿಡಿಯುತ್ತವೆ.

ಇನ್ನು, ನೆಮ್ಮದಿ ಯಾರದು ಎಂಬ ಪ್ರಶ್ನೆ. ‘ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದ್ದಂತೆ’ ಎಂಬ ಹೋಲಿಕೆಯನ್ನು ನೀವು ಕೇಳಿರಬಹುದು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಖಿನ್ನತೆಯಿಂದ ಚೇತರಿಸಿಕೊಂಡ ಅನೇಕರು ಮುಂದೆ ಔಷಧವಿಲ್ಲದೆ ಚೆನ್ನಾಗಿರುತ್ತಾರೆ, ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆಯೇ ಖಿನ್ನತೆಯ ಕಾರಣವೆಂಬ ಸರಳ ವಿವರಣೆಗೂ ಗಟ್ಟಿ ಆಧಾರವಿಲ್ಲ. ಔಷಧ ಹಲವರಿಗೆ ಉಪಯೋಗವಾಗುತ್ತದೆ ಎಂಬುದು ಮಾತ್ರ ನಿಜ. ಹಾಗಾಗಿ ನಿಮ್ಮನ್ನು ಬೇರೆ ರೀತಿಯಲ್ಲಿ ಕೇಳುತ್ತೇನೆ: ಮಗುವೊಂದು ತಪ್ಪು ಓದಿ ತರಗತಿಯೆಲ್ಲ ನಕ್ಕಾಗ ನಿಮಗೂ ನಗು ಉಕ್ಕುತ್ತದೆಯೇ? ತವರಿನಿಂದ ಹೊರಡುವಾಗ ಕಣ್ಣು ತುಂಬುತ್ತದೆಯೇ? ತುಂಬುವುದಾದರೆ ಆ ಭಾವನೆಗಳೆಲ್ಲ ನಿಮ್ಮವೇ. ಗುಳಿಗೆ ಅವುಗಳ ಮೇಲಿದ್ದ ಭಾರವನ್ನು ತಗ್ಗಿಸಿದೆಯಷ್ಟೇ. ಎರಡೂ ಆಗದೆ ಎಲ್ಲವೂ ಪರದೆಯಾಚೆ ನಡೆದಂತೆ ಮಂಕಾಗಿದ್ದರೆ, ಅಥವಾ ದಾಂಪತ್ಯದ ಆಸಕ್ತಿ ಕುಂದಿದ್ದರೆ, ಅದು ಈ ಔಷಧಗಳ ಪರಿಚಿತ ಅಡ್ಡಪರಿಣಾಮ. ಆಗ ‘ನನ್ನದಲ್ಲ’ ಎಂಬ ನಿಮ್ಮ ಸಂಶಯದಲ್ಲಿ ಹುರುಳಿದೆ, ಪ್ರಮಾಣವನ್ನೋ ಔಷಧವನ್ನೋ ಬದಲಿಸುವಂತೆ ಸಂಕೋಚವಿಲ್ಲದೆ ಕೇಳಿ.

ಬಿಡುವುದು ಯಾವಾಗ? ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಚೇತರಿಸಿಕೊಂಡ ಬಳಿಕ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ರೂಢಿ. ನೀವಿನ್ನೂ ಐದನೆಯ ತಿಂಗಳಲ್ಲಿದ್ದೀರಿ. ಡಿ.ಇಡಿ. ದಿನಗಳಲ್ಲಿ ಬಂದದ್ದೂ ಖಿನ್ನತೆಯೇ ಆಗಿದ್ದರೆ ಇದು ಎರಡನೆಯ ಸಲ, ಆಗ ಅವಧಿ ಇನ್ನೂ ಹೆಚ್ಚಬಹುದು. ಅದನ್ನು ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಜೊತೆಗೆ ಆಪ್ತಸಮಾಲೋಚನೆ ಸಿಕ್ಕರೆ, ಔಷಧ ಬಿಟ್ಟ ಮೇಲೂ ಅದು ಕೈಹಿಡಿಯುತ್ತದೆ.

ಕಲಬುರಗಿಗೆ ಮತ್ತೆ ಮತ್ತೆ ಹೋಗುವುದು ಕಷ್ಟವಾದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುತ್ತಾರೆಯೇ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅತ್ತೆಯವರಿಗೆ ಹೇಳುವುದೂ ಬಿಡುವುದೂ ನಿಮ್ಮ ಇಷ್ಟ, ಆ ಡಬ್ಬಿ ಸದ್ಯಕ್ಕೆ ಅಲ್ಲಿಯೇ ಇರಲಿ. ವೈದ್ಯರ ಬಳಿಗೆ ಹೋಗುವಾಗ ಮಾತ್ರ ಎರಡೂ ಗುಳಿಗೆಗಳ ಖಾಲಿ ಸ್ಟ್ರಿಪ್ಪುಗಳನ್ನು ಒಯ್ಯಿರಿ. ಮೊದಲು ಮೇಜಿನ ಮೇಲಿಡಬೇಕಾದದ್ದು ನಿದ್ದೆಯ ಗುಳಿಗೆಯದ್ದು.