ಹಾಡು ಚೆನ್ನಾಗಿತ್ತು, ಊಟ?

ಪ್ರಶ್ನೆ: ಇಂದಿರಾನಗರದ ದುಬಾರಿ ಲೈವ್ ಮ್ಯೂಸಿಕ್ ಬಾರ್ ಒಂದಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಬ್ಯಾಂಡ್ ಸಖತ್ತಾಗಿತ್ತು. ಆದರೆ ಪನೀರ್ ಟಿಕ್ಕಾ ರಬ್ಬರ್ ಥರ, ಫ್ರೈಸ್ ತಣ್ಣಗೆ. ಮೇಲೆ ಶೇ 10 ಸರ್ವಿಸ್ ಚಾರ್ಜ್ ಬೇರೆ! ಕೊಡಲೇಬೇಕಾ?
– ಓದುಗ, ಬೆಂಗಳೂರು

ಉತ್ತರ: ಬೇಕಿಲ್ಲ. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲವೇ ಅಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್‌ಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಮ್ಯಾನೇಜರ್‌ಗೆ ನೇರವಾಗಿ ಹೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಊಟದ ಜಿಎಸ್‌ಟಿ ಮಾತ್ರ ತಪ್ಪಿಸಲಾಗದು. ಮದ್ಯ ಜಿಎಸ್‌ಟಿಗೆ ಬರುವುದೇ ಇಲ್ಲ, ಅದರ ಮೇಲೂ ಹಾಕಿದ್ದಾರಾ ಅಂತ ಬಿಲ್ ನೋಡಿ.

ಇನ್ನು ಊಟದ ವಿಷಯ. ಇಂಥ ಕಡೆ ಲಾಭ ಇರುವುದು ಗ್ಲಾಸಿನಲ್ಲಿ, ತಟ್ಟೆಯಲ್ಲಲ್ಲ. ಬ್ಯಾಂಡ್ ಬ್ರೇಕ್ ತಗೊಂಡಾಗ ಎಲ್ಲ ಟೇಬಲ್‌ನವರೂ ಒಟ್ಟಿಗೇ ಆರ್ಡರ್ ಮಾಡುತ್ತಾರೆ, ಅಡುಗೆಮನೆಯವರು ಏನು ಮಾಡಬೇಕು ಪಾಪ. ಹಾಡು ಶುರುವಾಗುವ ಮೊದಲೇ ಹೇಳಿಬಿಡಿ. ತಣ್ಣಗಿದ್ದರೆ ಆಗಲೇ ವಾಪಸ್ ಕಳಿಸಿ, ಪೂರ್ತಿ ತಿಂದ ಮೇಲೆ ದೂರಿದರೆ ಯಾರು ಕೇಳ್ತಾರೆ? ಹಸಿವು ಜಾಸ್ತಿ ಇದ್ದರೆ ಎಲ್ಲಾದರೂ ದೋಸೆ ತಿಂದು ಹೋಗಿ.