ಸಂಪಾದಕರ ಉತ್ತರ: ಬೇಟೆಯ ಜಾಗಕ್ಕೆ ಗಾಡಿ ನುಗ್ಗಿಸುವ ಹಕ್ಕು ಯಾರಿಗಿದೆ?

ಡೆನ್ವರ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಊರು ಮಲೆನಾಡು. ಕೊಲರಾಡೋದಲ್ಲಿ ನೆಲೆಸಿ ಹಲವು ವರ್ಷಗಳಾಗಿವೆ. ಸಹೋದ್ಯೋಗಿಯೊಬ್ಬರಿಂದ ಬೇಟೆ ಕಲಿತು, ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು ಕಳೆದ ಅಕ್ಟೋಬರಿನಲ್ಲಿ ಒಂದು ನ್ಯಾಷನಲ್ ಫಾರೆಸ್ಟ್‌ಗೆ, ಅಂದರೆ ಫೆಡರಲ್ ಸರ್ಕಾರದ ಕಾಡಿಗೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗಿದ್ದರು. ಕತ್ತಲಲ್ಲೇ ನಡೆದು ಹೋಗಿ ಹುಲ್ಲುಗಾವಲಿನ ಅಂಚಿನಲ್ಲಿ ಕೂತರು. ಬೆಳಕು ಹರಿಯುವಾಗ ಆಚೆ ಬದಿಯಲ್ಲಿ ಹಿಂಡು ಕಂಡಿತು. ಅಷ್ಟರಲ್ಲಿ ಎರಡು ಸೈಡ್-ಬೈ-ಸೈಡ್ ಗಾಡಿಗಳು (ಇಬ್ಬರು ಅಕ್ಕಪಕ್ಕ ಕೂರುವ, ಕಾಡುದಾರಿಯಲ್ಲಿ ಓಡುವ ಚಿಕ್ಕ ಗಾಡಿಗಳು) ಕಾಡಿನ ದಾರಿಯಲ್ಲಿ ಗುಡುಗುತ್ತಾ ಬಂದವು. ದಾರಿ ಬಿಟ್ಟು ಹುಲ್ಲುಗಾವಲಿಗೇ ಇಳಿದವು. ಹಿಂಡು ಮಾಯ. ಇವರು ಎದ್ದು ಹೋಗಿ ಕೇಳಿದ್ದಕ್ಕೆ, 'ಇದು ಪಬ್ಲಿಕ್ ಲ್ಯಾಂಡ್, ನಿನಗಿರುವಷ್ಟೇ ಹಕ್ಕು ನನಗೂ ಇದೆ' ಎಂಬ ಉತ್ತರ ಬಂತಂತೆ.

ಅವರ ಪ್ರಶ್ನೆಗಳು ಇವು. ಆ ಮನುಷ್ಯ ಹೇಳಿದ್ದು ಸರಿಯಾ? ನಾನೇನು ಮಾಡಬೇಕಿತ್ತು? ಬೇಟೆಯ ಕಾಡಿನಲ್ಲಿ ಇಂಥ ಗಾಡಿಗಳನ್ನು ಪೂರ್ತಿ ನಿಷೇಧಿಸಬಾರದೇಕೆ? ಪತ್ರದ ತುದಿಯಲ್ಲಿ ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ಕೇಳಿದ್ದಾರೆ: ಮುಂದಿನ ಸಲ ಎಟಿವಿ (ಬೈಕಿನಂತೆ ಕಾಲು ಹಾಕಿ ಕೂತು ಕಾಡುದಾರಿಯಲ್ಲಿ ಓಡಿಸುವ ಗಾಡಿ) ಬಾಡಿಗೆಗೆ ತಗೊಳ್ಳೋಣ ಅಂತ ಜೊತೆಗಾರರು ಹಟ ಹಿಡಿದಿದ್ದಾರೆ, ಒಪ್ಪಲೇ?

ಪ್ರಿಯ ಓದುಗರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ಪತ್ರದಲ್ಲಿ ಒಂದು ವಿವರ ಇಲ್ಲ. ಆ ದಾರಿ ಗಾಡಿಗಳಿಗೆ ತೆರೆದಿತ್ತೋ ಮುಚ್ಚಿತ್ತೋ? ನೀವು ನಕ್ಷೆ ನೋಡಿದ್ದಿರಾ? ಅರ್ಧ ಉತ್ತರ ಅಲ್ಲೇ ಇದೆ.

ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳು ಸುಮಾರು 19.3 ಕೋಟಿ ಎಕರೆ ಹಬ್ಬಿವೆ. ಅಲ್ಲಿ ಕಾಲಿಡುವ ಹಕ್ಕು ಎಲ್ಲರಿಗೂ ಇದೆ, ಇದು ನಿಜ. ಎಂಜಿನ್ ತರುವ ಹಕ್ಕು ಮಾತ್ರ ಬೇರೆ ಲೆಕ್ಕ. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಅದರ ಸಂಖ್ಯೆ 11644. ಸರ್ಕಾರಿ ಜಮೀನಿನಲ್ಲಿ ಇಂಥ ಗಾಡಿಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಇಲಾಖೆಗಳೇ ಗುರುತಿಸಬೇಕು ಎಂದಿತು ಆ ಆದೇಶ. ಗುರುತಿಸುವಾಗ ಮಣ್ಣು, ನೀರು, ಗಿಡಗಳಿಗೆ ಆಗುವ ಹಾನಿ ಕಡಿಮೆ ಇರಬೇಕು. ಪ್ರಾಣಿಗಳಿಗೆ ಕಾಟ ಕಡಿಮೆ ಇರಬೇಕು. ಅದೇ ಜಾಗ ಬಳಸುವ ಬೇರೆಯವರ ಜೊತೆ ತಿಕ್ಕಾಟವೂ ಕಡಿಮೆ ಇರಬೇಕು. ಈ ಕೊನೆಯದನ್ನು ಗಮನಿಸಿ. ನಿಮ್ಮಂಥವರನ್ನು ಐವತ್ತು ವರ್ಷಗಳ ಹಿಂದೆಯೇ ಆ ಆದೇಶ ಲೆಕ್ಕಕ್ಕೆ ತೆಗೆದುಕೊಂಡಿತ್ತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಇನ್ನೂ ಬಿಗಿ ಮಾಡಿದರು. ದೊಡ್ಡ ಹಾನಿ ಕಂಡರೆ ಆ ಜಾಗವನ್ನು ಅಂಥ ಗಾಡಿಗಳಿಗೆ ತಕ್ಷಣ ಮುಚ್ಚಬೇಕು ಎಂದರು.

ಆದೇಶ ಬಂತು, ಕೆಲಸ ನಿಧಾನವಾಯಿತು. ನಾಲ್ಕು ಚಕ್ರದ ಎಟಿವಿಗಳು 1980ರ ದಶಕದಲ್ಲಿ ಪೇಟೆಗೆ ಬಂದವು. ಬೋರ್ಡ್ ಹಾಕಿ ಮುಚ್ಚದ ಕಡೆಯೆಲ್ಲ ಓಡಿಸಬಹುದು ಎಂಬ ಪದ್ಧತಿ ಎಷ್ಟೋ ಕಾಡುಗಳಲ್ಲಿ ಹಾಗೇ ಉಳಿಯಿತು. ಒಬ್ಬ ಹೋದ ಜಾಡಿನಲ್ಲಿ ಇನ್ನೊಬ್ಬ ಹೋಗಿ ಹೊಸ ಹೊಸ ದಾರಿಗಳು ಹುಟ್ಟಿದವು. 2005ರಲ್ಲಿ ಈ ಕಾಡುಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವೀಸ್ ಇಲಾಖೆ ಹೊಸ ನಿಯಮ ತಂದು ಇದನ್ನು ತಿರುಗಿಸಿತು. ಪ್ರತಿ ಕಾಡಿಗೂ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಎಂಬ ನಕ್ಷೆ ಬಂತು. ಯಾವ ದಾರಿ, ಯಾವ ಗಾಡಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಅದರಲ್ಲಿ ಇರುತ್ತದೆ. ನಕ್ಷೆಯಲ್ಲಿ ಇಲ್ಲದ ದಾರಿ ಗಾಡಿಗೆ ಮುಚ್ಚಿದ ದಾರಿ. ಬೋರ್ಡ್ ಇಲ್ಲದಿದ್ದರೂ, ಚಕ್ರದ ಗುರುತು ಎಷ್ಟೇ ಇದ್ದರೂ ಅಷ್ಟೇ. ನಕ್ಷೆ ಉಚಿತ. ಫೋನಿಗೂ ಇಳಿಸಿಕೊಳ್ಳಬಹುದು.

ಹಾಗಾಗಿ ಹುಲ್ಲುಗಾವಲಿಗೆ ಗಾಡಿ ಇಳಿಸಿದ್ದು ಬೇಟೆಯ ಮಾತು ಬರುವ ಮೊದಲೇ ಕಾನೂನಿನ ಉಲ್ಲಂಘನೆ. ಅವರು ಬಂದ ದಾರಿಯ ಬಗ್ಗೆಯೂ ನನಗೆ ಅನುಮಾನ ಇದೆ. ಕೆಲವು ದಾರಿಗಳು 50 ಇಂಚು ಅಥವಾ ಅದಕ್ಕಿಂತ ಕಡಿಮೆ ಅಗಲದ ಗಾಡಿಗಳಿಗೆ ಮಾತ್ರ ತೆರೆದಿರುತ್ತವೆ. ಈಗಿನ ಸೈಡ್-ಬೈ-ಸೈಡ್‌ಗಳು ಬಹುಪಾಲು ಅದಕ್ಕಿಂತ ಅಗಲ. ನಕ್ಷೆ ತೆಗೆದು ಆ ದಾರಿಯ ನಂಬರ್ ನೋಡಿ, ಗೊತ್ತಾಗುತ್ತದೆ.

ಈಗ ಆ ದಾರಿ ತೆರೆದೇ ಇತ್ತು ಅಂದುಕೊಳ್ಳೋಣ. ಅವರು ಹುಲ್ಲುಗಾವಲಿಗೆ ಇಳಿಯಲೂ ಇಲ್ಲ ಅನ್ನೋಣ. ಆಗಲೂ ನಿಮ್ಮ ಬೆಳಗು ಹಾಳಾಗುತ್ತಿತ್ತು, ಅಲ್ವಾ? ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಬೇಟೆ ಕಾಡಿನಲ್ಲಿ ಸದ್ದಿಲ್ಲದ ಹೊತ್ತು ಎಲ್ಲರಿಗೂ ಸೇರಿದ್ದು. ಒಬ್ಬರು ಅದನ್ನು ಖರ್ಚು ಮಾಡಿದರೆ ಉಳಿದವರಿಗೆ ಏನೂ ಉಳಿಯುವುದಿಲ್ಲ. ನಕ್ಷೆ ದಾರಿಯನ್ನು ತೋರಿಸುತ್ತದೆ. ಯಾವ ಹೊತ್ತಿನಲ್ಲಿ ಎಂಜಿನ್ ಶುರು ಮಾಡಬಾರದು ಎಂಬುದನ್ನು ಮಾತ್ರ ಬೇಟೆಗಾರರೇ ತಮ್ಮೊಳಗೆ ಕಾಪಾಡಿಕೊಳ್ಳಬೇಕು.

ಇದು ಸುಮ್ನೆ ಭಾವನೆಯ ಮಾತಲ್ಲ. ಆರೆಗಾನ್ ರಾಜ್ಯದ ಲಾ ಗ್ರ್ಯಾಂಡ್ ಊರಿನ ಹತ್ತಿರ ಸ್ಟಾರ್ಕಿ ಎಂಬ ಪ್ರಯೋಗದ ಕಾಡಿದೆ. ಸುಮಾರು 25,000 ಎಕರೆ ಜಾಗಕ್ಕೆ ಎತ್ತರದ ಬೇಲಿ ಹಾಕಿದ್ದಾರೆ. 1989ರಿಂದ ಅಲ್ಲಿ ಎಲ್ಕ್ ಮತ್ತು ಮ್ಯೂಲ್ ಡಿಯರ್ ಎಂಬ ಜಿಂಕೆಗಳ ಕೊರಳಿಗೆ ಪಟ್ಟಿ ಕಟ್ಟಿ ಓಡಾಟ ಗಮನಿಸುತ್ತಿದ್ದಾರೆ. ನಡೆಯುವವರು, ಕುದುರೆ ಸವಾರರು, ಬೆಟ್ಟದ ಸೈಕಲ್‌ನವರು, ಎಟಿವಿಯವರು ಹೀಗೆ ಒಂದೊಂದು ಗುಂಪನ್ನೂ ಬೇರೆಬೇರೆಯಾಗಿ ಕಾಡಿನೊಳಗೆ ಬಿಟ್ಟು ನೋಡಿದರು. ಎಲ್ಕ್‌ಗಳು ಎಲ್ಲರಿಂದಲೂ ದೂರ ಸರಿದವು. ಎಟಿವಿಗೆ ಹೆದರಿದ್ದು ಎಲ್ಲಕ್ಕಿಂತ ಜಾಸ್ತಿ. ಹೀಗೆ ಓಡಿದ ಪ್ರಾಣಿ ಮೇಯುವ ಹೊತ್ತು ಕಳೆದುಕೊಳ್ಳುತ್ತದೆ, ಚಳಿಗಾಲಕ್ಕೆ ಕೂಡಿಟ್ಟ ಕೊಬ್ಬನ್ನು ಓಟಕ್ಕೆ ಸುರಿಯುತ್ತದೆ.

ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ರಾತ್ರಿ ಬಯಲಿನಲ್ಲಿ ಮೇಯುತ್ತದೆ, ಬೆಳಕಾದ ಮೇಲೆ ದಟ್ಟ ಮರಗಳ ನೆರಳಿಗೆ ಸರಿಯುತ್ತದೆ. ಬೇಟೆಗಾರನಿಗೆ ಸಿಗುವುದು ಈ ಎರಡರ ನಡುವಿನ ಚಿಕ್ಕ ಸಮಯ. ಆ ಸಮಯದಲ್ಲಿ ಒಂದು ಎಂಜಿನ್ ಕೂಗಿದರೆ ಹಿಂಡು ಮುಂದಿನ ಕಣಿವೆಗೆ ಹೋಗುತ್ತದೆ. ಕಾಟ ಜಾಸ್ತಿಯಾದರೆ ಖಾಸಗಿ ರಾಂಚ್‌ಗಳಿಗೆ ಸೇರಿಕೊಳ್ಳುತ್ತದೆ. ಅಲ್ಲಿಗೆ ನೀವೂ ಹೋಗುವಂತಿಲ್ಲ, ಗಾಡಿಯವರೂ ಹೋಗುವಂತಿಲ್ಲ. ಅವರು ತಮ್ಮ ಬೇಟೆಯನ್ನೂ ತಾವೇ ಓಡಿಸಿಕೊಂಡರು. ಮಲೆನಾಡಿನಲ್ಲಿ ಷಿಕಾರಿ ಇದ್ದ ಕಾಲದಲ್ಲಿ ಮರಸು ಕೂತವರು, ಅಂದರೆ ಪ್ರಾಣಿಗೆ ಹೊಂಚು ಹಾಕಿ ಅಡಗಿ ಕೂತವರು, ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು ಎಂದು ನೀವೂ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ.

ಬೇಟೆ ಎಂಬ ಮಾತೇ ನಮ್ಮ ಕೆಲವು ಓದುಗರಿಗೆ ಹಿಡಿಸದಿರಬಹುದು. ಅವರಿಗೂ ಒಂದು ಮಾತು. ನಿಕ್ಸನ್ ಆದೇಶ ಬಂದ 1972ರಲ್ಲೇ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಷಿಕಾರಿಗೆ ಕಡಿವಾಣ ಬಿತ್ತು. ನಮ್ಮ ಕಾಡುಗಳ ಸ್ಥಿತಿಗೆ ಅದು ಸರಿಯಾದ ನಿರ್ಧಾರ ಎಂದೇ ನಾನು ನಂಬಿದ್ದೇನೆ. ಅಮೆರಿಕದ ವ್ಯವಸ್ಥೆ ಬೇರೆ. ಅಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆ ಬಂದೂಕು ಮತ್ತು ತೋಟಾಗಳ ಮೇಲೆ 11% ತೆರಿಗೆ ಇದೆ. ಆ ಹಣ ವನ್ಯಜೀವಿಗಳ ರಕ್ಷಣೆಗೆ ರಾಜ್ಯಗಳಿಗೆ ಹೋಗುತ್ತದೆ. ಲೈಸೆನ್ಸ್ ಹಣವೂ ಹಾಗೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನೀವು ಎದ್ದು ಹೋಗಿ ಎದುರಿಗೆ ನಿಂತದ್ದು ನನಗೆ ಭಯ ಹುಟ್ಟಿಸಿತು. ಇಬ್ಬರ ಕೈಯಲ್ಲೂ ಕೋವಿ ಇದೆ, ಇಬ್ಬರಿಗೂ ಸಿಟ್ಟು ಬಂದಿದೆ, ಸುತ್ತ ಯಾರೂ ಇಲ್ಲ. ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. ಗಾಡಿಯ ಸ್ಟಿಕರ್ ನಂಬರ್ ಕಂಡರೆ ಬರೆದುಕೊಳ್ಳಿ. ಹುಲ್ಲಿನ ಮೇಲಿನ ಚಕ್ರದ ಗುರುತಿನ ಫೋಟೋ ತೆಗೆಯಿರಿ. ಜಾಗ ಮತ್ತು ಹೊತ್ತು ಗುರುತು ಹಾಕಿಕೊಳ್ಳಿ. ದಾರಿ ಬಿಟ್ಟು ಓಡಿಸಿದ ದೂರು ಆ ಕಾಡಿನ ರೇಂಜರ್ ಕಚೇರಿಗೆ ಹೋಗಬೇಕು. ಗಾಡಿಯಿಂದಲೇ ಗುಂಡು ಹಾರಿಸಿದ್ದು, ಪ್ರಾಣಿಯನ್ನು ಗಾಡಿಯಲ್ಲಿ ಅಟ್ಟಿದ್ದು ಕಂಡರೆ ಕಳ್ಳಬೇಟೆಯ ದೂರು ತೆಗೆದುಕೊಳ್ಳುವ ಕೊಲರಾಡೋದ ಆಪರೇಷನ್ ಗೇಮ್ ಥೀಫ್‌ಗೆ ತಿಳಿಸಬಹುದು, ಹೆಸರು ಹೇಳಬೇಕಿಲ್ಲ. ಆ ರಾಜ್ಯದಲ್ಲಿ ಇಂಥ ಗಾಡಿಯ ಮೇಲೆ ರೈಫಲ್ ಒಯ್ಯುವುದಾದರೆ ಗುಂಡು ಪೂರ್ತಿ ತೆಗೆದು ಚೀಲದೊಳಗೆ ಮುಚ್ಚಿಡಬೇಕು. ಅದನ್ನು ಮೀರಿದರೂ ದೂರು ಕೊಡಬಹುದು.

ಪೂರ್ತಿ ನಿಷೇಧವನ್ನು ನಾನು ಒಪ್ಪುವುದಿಲ್ಲ. ಮಂಡಿ ಸೋತ ಹಿರಿಯರು, ಅಂಗವಿಕಲರು ಇದ್ದಾರೆ. ಅವರನ್ನು ಕಾಡಿನಿಂದ ಹೊರಗಿಡುವುದು ಅನ್ಯಾಯ. ಮಾಂಸದ ಪ್ರಶ್ನೆಯೂ ಇದೆ. ದೊಡ್ಡ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಕೊಲರಾಡೋದಲ್ಲಿ ಅಪರಾಧ. ಅಕ್ಟೋಬರಿನ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಬೆನ್ನ ಮೇಲೆ ಹೊತ್ತು ಎಷ್ಟು ಸಲ ಓಡಾಡುತ್ತೀರಿ?

ನನಗೆ ಹಿಡಿಸಿದ್ದು ಐಡಾಹೋ ರಾಜ್ಯದ ಕ್ರಮ. ಅಲ್ಲಿನ ಹಲವು ಬೇಟೆ ವಲಯಗಳಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಗಾಡಿ ಬಳಸುವುದಾದರೆ ಮಾಮೂಲಿ ಕಾರು ಓಡುವಂಥ ರಸ್ತೆಯಲ್ಲಿ ಮಾತ್ರ. ಕ್ಯಾಂಪಿನ ಸಾಮಾನು ಸಾಗಿಸಲು, ಬಿದ್ದ ಪ್ರಾಣಿಯನ್ನು ತರಲು ಉಳಿದ ತೆರೆದ ದಾರಿಗಳನ್ನೂ ಬಳಸಬಹುದು. ಅಂಗವಿಕಲರಿಗೆ ಬೇರೆ ಪರವಾನಗಿ ಇದೆ. ಗಾಡಿ ಸಾಗಣೆಗೆ ಮಾತ್ರ, ಪ್ರಾಣಿ ಹುಡುಕಲು ಅಲ್ಲ. ಕೊಲರಾಡೋದ ಬೇಟೆಗಾರರು ಇದನ್ನು ಕೇಳಿ ಪಡೆಯಬೇಕು. ನೀವೂ ಅಲ್ಲಿ ಲೈಸೆನ್ಸ್ ಇರುವವರು, ನಿಮ್ಮ ದನಿಗೂ ಬೆಲೆ ಇದೆ.

ಎಂಜಿನ್ ಸದ್ದೇ ಬೇಡ ಎಂದರೆ ವಿಲ್ಡರ್ನೆಸ್ ಎಂದು ಘೋಷಿಸಿದ ಕಾಡುಗಳಿವೆ. 1964ರ ಕಾಯ್ದೆಯ ಪ್ರಕಾರ ಅಲ್ಲಿ ಸೈಕಲ್ಲಿಗೂ ಪ್ರವೇಶ ಇಲ್ಲ. ನಿಮ್ಮ ರಾಜ್ಯದ ಫ್ಲ್ಯಾಟ್ ಟಾಪ್ಸ್ ಎಲ್ಕ್‌ಗೆ ಹೆಸರಾದ ಜಾಗ. ಹೊರೆ ಹೊರಲು ಬೆನ್ನು ಅಥವಾ ಕುದುರೆ ಬೇಕು, ಅಷ್ಟೇ.

ಎಟಿವಿ ಬಾಡಿಗೆಗೆ ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ಜೊತೆಗಾರರ ಹತ್ತಿರ ಮನೆಯಲ್ಲೇ ಮಾತಾಡಿಕೊಳ್ಳಿ. ಬೆಳಕು ಹರಿಯುವುದಕ್ಕೆ ತುಂಬಾ ಮೊದಲೇ ದಾರಿಯ ಆರಂಭದಲ್ಲಿ ಗಾಡಿ ನಿಲ್ಲಬೇಕು, ಬೇರೆಯವರ ದಾರಿಗೆ ಅಡ್ಡವಾಗದ ಹಾಗೆ. ಅಲ್ಲಿಂದ ನಡಿಗೆ. ಬೇರೆಯವರ ಟ್ರಕ್ ಮೊದಲೇ ನಿಂತಿದ್ದರೆ ಇನ್ನೊಂದು ಕಣಿವೆ ಹುಡುಕಿ. ಸಂಜೆ ಕತ್ತಲಾಗುವವರೆಗೆ ಎಂಜಿನ್ ಮುಟ್ಟಬೇಡಿ. ಮಾಂಸ ತರುವುದಿದ್ದರೆ ಮಾತ್ರ ನಡುಹಗಲಲ್ಲಿ ಹೋಗಿ. ಎದುರಿಗೆ ಕುದುರೆ ಬಂದರೆ ಗಾಡಿ ಬದಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಸವಾರನನ್ನು ಮಾತಾಡಿಸಿ. ಮನುಷ್ಯನ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ.

ಒದ್ದೆ ಹುಲ್ಲುಗಾವಲಿಗೆ ಯಾವ ಕಾರಣಕ್ಕೂ ಗಾಡಿ ಇಳಿಸಬೇಡಿ. ಚಕ್ರ ಕೊರೆದ ಗೆರೆ ಚರಂಡಿಯಾಗಿ ನೀರನ್ನು ಬಸಿದು ಹಾಕುತ್ತದೆ, ಜೌಗು ಒಣಗುತ್ತದೆ. ಪಶ್ಚಿಮ ಘಟ್ಟದ ಹುಲ್ಲುಬೆಟ್ಟಗಳಿಗೆ ಜೀಪು, ಬೈಕು ಹತ್ತಿಸುವ ನಮ್ಮ ಹುಡುಗರೂ ಈ ಸಾಲು ಓದಲಿ ಎಂದು ನನಗೆ ತುಂಬಾ ಆಸೆ.

ಬಿದ್ದ ಪ್ರಾಣಿಯನ್ನು ತರಲು ದಾರಿಯಿಂದ ಸ್ವಲ್ಪ ದೂರ ಗಾಡಿ ಒಯ್ಯಲು ಕೆಲವು ಕಾಡುಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅದೂ ನಕ್ಷೆಯಲ್ಲೇ ಬರೆದಿರುತ್ತದೆ. ಅನುಮಾನ ಇದ್ದರೆ ಹೊರಡುವ ಮೊದಲು ರೇಂಜರ್ ಕಚೇರಿಗೆ ಫೋನ್ ಮಾಡಿ. ನಿಮ್ಮ ಜೊತೆಗಾರರಲ್ಲಿ ಯಾರಾದರೂ ಎಚ್-1ಬಿ ವೀಸಾದಲ್ಲಿ ಇದ್ದರೆ ಇದನ್ನೂ ತಿಳಿಸಿ: ಬೇಟೆ ಲೈಸೆನ್ಸ್ ಇಲ್ಲದೆ ಅವರು ಕೋವಿ ಮುಟ್ಟುವುದೂ ಅಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ. ಲೈಸೆನ್ಸ್ ಕೈಗೆ ಬಂದ ಮೇಲೆಯೇ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ.