4.5 ಲಕ್ಷ ಕೊಟ್ಟು 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರಿನ ಒಂದು ಹೋಟೆಲಿಗೆ ನಿಮ್ಮಿಬ್ಬರನ್ನೂ ಕರೆಸಿ, ಮಧ್ಯಾಹ್ನವಿಡೀ ಕೂರಿಸಿ, ಟೈಮ್‌ಶೇರ್ ಮೆಂಬರ್‌ಶಿಪ್ ಬಗ್ಗೆ ಹೇಳಿದ್ದಾರೆ, ಅಂದರೆ ಮೊದಲೇ ದುಡ್ಡು ಕಟ್ಟಿ ಪ್ರತಿ ವರ್ಷ ಇಷ್ಟು ರಾತ್ರಿ ಅವರ ರೆಸಾರ್ಟ್‌ಗಳಲ್ಲಿ ಉಳಿಯುವ ಹಕ್ಕು. 25 ವರ್ಷ, ವರ್ಷಕ್ಕೆ 7 ರಾತ್ರಿ, ಬೆಲೆ 4.5 ಲಕ್ಷ. ಅದರ ಮೇಲೆ ಪ್ರತಿ ವರ್ಷ 18,000 ರೂಪಾಯಿ ನಿರ್ವಹಣಾ ಶುಲ್ಕ, ಅಂದರೆ ಅವರು ಎಎಂಸಿ ಅನ್ನುವುದು. 10,000 ಟೋಕನ್ ಅಲ್ಲೇ ಕಾರ್ಡ್ ಉಜ್ಜಿ ಕೊಟ್ಟು ಬಂದಿದ್ದೀರಿ. ಉಳಿದದ್ದಕ್ಕೆ ಇಎಂಐ ಮಾಡಿಕೊಡುತ್ತೇವೆ, ಭಾನುವಾರದೊಳಗೆ ಹೇಳಿ ಅಂದಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವವರು, ಮಕ್ಕಳು ಶಾಲೆಯಲ್ಲಿ. ತಗೊಳ್ಳಬೇಕಾ, ಬಿಡಬೇಕಾ?

ನೀವು ಬರೆದದ್ದನ್ನು ನೋಡಿದರೆ, ಬಿಡಿ ಅಂತಲೇ ನಾನು ಹೇಳುವುದು. ಆದರೆ ಇದೆಲ್ಲ ಬರೀ ಮೋಸ ಅಂತ ಒಂದೇ ಏಟಿಗೆ ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಅಕ್ಕ-ಭಾವನ ಹತ್ತಿರ ಇಂಥದ್ದೇ ಒಂದು ಮೆಂಬರ್‌ಶಿಪ್ ಇದೆ, ಚೆನ್ನಾಗಿ ಬಳಸುತ್ತಾರೆ. ಭಾವ ರಿಟೈರ್ ಆಗಿದ್ದಾರೆ, ಮಂಗಳವಾರ ಹೊರಟು ಶುಕ್ರವಾರ ವಾಪಸ್ ಬರುತ್ತಾರೆ, ಜೂನ್ ಮಳೆಯಲ್ಲೂ ಮುನ್ನಾರ್‌ಗೆ ಹೋಗಲು ರೆಡಿ. ಅದೇ ಕಂಪನಿಯ ಅದೇ ಯೋಜನೆ ನಮ್ಮ ಆಫೀಸಿನಲ್ಲಿ ಒಬ್ಬರ ಹತ್ತಿರವೂ ಇದೆ. ಅವರ ಹೆಂಡತಿ ಶಾಲೆಯಲ್ಲಿ ಟೀಚರ್, ರಜೆ ಸಿಗುವುದು ದಸರೆಗೆ ಮತ್ತು ಏಪ್ರಿಲ್-ಮೇನಲ್ಲಿ ಮಾತ್ರ. ಅವರು ಬುಕ್ ಮಾಡಲು ಕೂತಾಗಲೆಲ್ಲ ಕೊಡಗು ಫುಲ್, ಊಟಿ ಫುಲ್. ಕೊನೆಗೆ ಸಿಗುವುದು ಯಾವುದೋ ದೂರದ ಊರು, ಅಲ್ಲಿಗೆ ನಾಲ್ಕು ಜನರ ವಿಮಾನದ ಖರ್ಚೇ ರೂಮಿನ ಎರಡರಷ್ಟು. ಕಂಪನಿ ಒಂದೇ, ಯೋಜನೆ ಒಂದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ದಂಡ. ಹಾಗಾಗಿ ಬ್ರೋಷರ್ ಓದುವುದಕ್ಕಿಂತ ಮೊದಲು ನಿಮ್ಮ ಮನೆಯ ಕ್ಯಾಲೆಂಡರ್ ನೋಡಬೇಕು.

ಈಗ ಲೆಕ್ಕಕ್ಕೆ ಬರೋಣ. ಅಲ್ಲಿ ಕೂತವರು ನಿಮಗೆ ಖಂಡಿತ ಈ ಭಾಗಾಕಾರ ಮಾಡಿ ತೋರಿಸಿರುತ್ತಾರೆ: 4.5 ಲಕ್ಷವನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ 18,000, ಅದಕ್ಕೆ ಎಎಂಸಿ 18,000 ಸೇರಿಸಿದರೆ 36,000, ಏಳರಿಂದ ಭಾಗಿಸಿದರೆ ರಾತ್ರಿಗೆ ಸುಮಾರು 5,143. ಅಷ್ಟಕ್ಕೆ ಇಂಥ ರೆಸಾರ್ಟ್ ಎಲ್ಲಿ ಸಿಗುತ್ತದೆ ಸಾರ್ ಅಂತ ಕೇಳಿರುತ್ತಾರೆ. ಅದೇ 4.5 ಲಕ್ಷ ಎಫ್‌ಡಿಯಲ್ಲಿದ್ದರೆ ಬಡ್ಡಿ ಬರುತ್ತಿತ್ತಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಹೋಟೆಲ್ ಬಾಡಿಗೆಯೂ ವರ್ಷ ವರ್ಷ ಏರುತ್ತದೆ. ಎಫ್‌ಡಿ ಬಡ್ಡಿ 7%, ಬಾಡಿಗೆ ಏರಿಕೆ 6%, ಎಎಂಸಿ ಏರಿಕೆಯೂ 6% ಅಂತ ಇಟ್ಟುಕೊಂಡು ನಾನೇ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಇವತ್ತಿನ ಬೆಲೆಯಲ್ಲಿ ರಾತ್ರಿಗೆ ಸುಮಾರು 5,450 ಬರುತ್ತದೆ. ಅಂದರೆ ಸೇಲ್ಸ್‌ನವರ ಭಾಗಾಕಾರ ತೀರಾ ಸುಳ್ಳಲ್ಲ.

ಸುಳ್ಳಿರುವುದು ಆ ಏಳರಲ್ಲಿ. ನೀವು ಪ್ರತಿ ವರ್ಷ, ಒಂದು ವರ್ಷವೂ ತಪ್ಪದೆ, ಪೂರ್ತಿ 7 ರಾತ್ರಿ ಬಳಸಿದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಅದೇ 36,000ವನ್ನು ಐದು ರಾತ್ರಿಗೆ ಭಾಗಿಸಿ, 7,200 ಆಯಿತು. ನಾಲ್ಕಕ್ಕೆ ಭಾಗಿಸಿದರೆ 9,000. ಮೂರೇ ರಾತ್ರಿ ಹೋದ ವರ್ಷ ಪ್ರತಿ ರಾತ್ರಿಗೆ 12,000 ಕೊಟ್ಟ ಹಾಗೆ. ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳಬಹುದು ಅನ್ನುತ್ತಾರೆ, ಸರಿ, ಆದರೆ ಈ ವರ್ಷ ಏಳು ರಾತ್ರಿಗೆ ರಜೆ ಸಿಗದವರಿಗೆ ಮುಂದಿನ ವರ್ಷ ಹದಿನಾಲ್ಕಕ್ಕೆ ಸಿಗುತ್ತದಾ?

ಅದಕ್ಕೇ ಭಾನುವಾರದೊಳಗೆ ಒಂದು ಕೆಲಸ ಮಾಡಿ. ಹೆಂಡತಿಯ ಜೊತೆ ಕೂತು ಕಳೆದ ಮೂರು ವರ್ಷದ ಫೋನ್ ಫೋಟೋಗಳನ್ನು ತೆರೆಯಿರಿ. ಎಲ್ಲಿಗೆ ಹೋಗಿದ್ದಿರಿ, ಎಷ್ಟು ರಾತ್ರಿ, ರೂಮಿಗೆ ಎಷ್ಟು ಕೊಟ್ಟಿರಿ, ಬರೆದುಕೊಳ್ಳಿ. ಅಜ್ಜಿ ಮನೆಗೆ ಹೋಗಿದ್ದು, ಮದುವೆಗೆ ಹೋಗಿ ಉಳಿದದ್ದು, ಧರ್ಮಸ್ಥಳ-ಸುಬ್ರಹ್ಮಣ್ಯಕ್ಕೆ ಹೋಗಿ ಬಂದದ್ದು ಇದಕ್ಕೆ ಲೆಕ್ಕವಿಲ್ಲ, ಯಾಕೆಂದರೆ ಅಲ್ಲಿ ಈ ಮೆಂಬರ್‌ಶಿಪ್ ಉಪಯೋಗಕ್ಕೆ ಬರುವುದಿಲ್ಲ. ಉಳಿದದ್ದು ಎಷ್ಟು ಅಂತ ನೋಡಿ. ಮುಂದೆ ಜಾಸ್ತಿ ಓಡಾಡಬೇಕು ಅನ್ನುವ ಆಸೆಯನ್ನು ಇದರಲ್ಲಿ ಸೇರಿಸಬೇಡಿ. ಆ ಮೀಟಿಂಗ್‌ನಲ್ಲಿ ಅವರು ಮಾರುವುದೇ ಆ ಆಸೆಯನ್ನು. "ಮಕ್ಕಳ ಜೊತೆ ಕೊನೆಯ ಸಲ ಯಾವಾಗ ಹೋಗಿದ್ದಿರಿ?" ಅಂತ ಕೇಳಿ, ನೀವು ತಲೆ ತಗ್ಗಿಸುವ ತನಕ ಸುಮ್ಮನಿರುತ್ತಾರಲ್ಲ, ಆ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ಇನ್ನೊಂದು ಹೋಲಿಕೆಯೂ ನೋಡಿ. ನೀವು ಈಗ ಚಿಕ್ಕಮಗಳೂರಿನಲ್ಲೋ ಸಕಲೇಶಪುರದಲ್ಲೋ ಮೂರು-ಮೂರೂವರೆ ಸಾವಿರದ ಹೋಮ್‌ಸ್ಟೇನಲ್ಲಿ ಉಳಿದು, ಬೆಳಿಗ್ಗೆ ಕಡುಬು ತಿಂದು ಖುಷಿಯಾಗಿ ಬರುವವರಾದರೆ, 5,000ದ ರೂಮು ನಿಮಗೆ ಉಳಿತಾಯವಲ್ಲ, ಹೊಸ ಖರ್ಚು. ರೆಸಾರ್ಟ್ ಒಳಗೆ ಹೋದ ಮೇಲೆ ಊಟ ಅಲ್ಲಿಯೇ, ಪೇಟೆ ದೂರ. ನಾಲ್ಕು ಜನರ ಮೂರು ಹೊತ್ತಿನ ಬಿಲ್ ಎಷ್ಟೋ ಸಲ ರೂಮಿನ ಬಾಡಿಗೆಯ ಹತ್ತಿರ ಬಂದು ನಿಲ್ಲುತ್ತದೆ. ಮೆಂಬರ್‌ಶಿಪ್ ಕೊಡುವುದು ಕೋಣೆಯನ್ನು ಮಾತ್ರ. ಪ್ರವಾಸದ ಖರ್ಚೆಲ್ಲ ಮುಗಿಯಿತು ಅನ್ನುವ ಹಾಗೆ ಮಾತಾಡಿರುತ್ತಾರೆ, ಮುಗಿದಿರುವುದಿಲ್ಲ.

ಇಎಂಐ ತಗೊಂಡರಂತೂ ಮೇಲಿನ ಲೆಕ್ಕ ಪೂರ್ತಿ ಕೆಟ್ಟುಹೋಗುತ್ತದೆ. 10% ಈಗ ಕೊಟ್ಟು ಉಳಿದ 4.05 ಲಕ್ಷವನ್ನು 15% ಬಡ್ಡಿಯಲ್ಲಿ 48 ಕಂತು ಮಾಡಿದರೆ, ತಿಂಗಳಿಗೆ 11,270ರ ಹತ್ತಿರ. ಬಡ್ಡಿಯೇ ಸುಮಾರು 1.36 ಲಕ್ಷ. ಸಾಲ ಮಾಡಿ ಪ್ರವಾಸ ಹೋಗುವುದೇ ನನಗೆ ಇಷ್ಟವಿಲ್ಲ, ಇಲ್ಲಿ ಇನ್ನೂ ಹೋಗದ ಪ್ರವಾಸಕ್ಕೆ ಸಾಲ. ಬೆಲೆಗೂ ಎಎಂಸಿಗೂ ಜಿಎಸ್‌ಟಿ ಸೇರಿದೆಯಾ ಅಂತ ಕೇಳಿದ್ದೀರಾ? 18% ಬೇರೆಯಾಗಿ ಬಂದರೆ ನಿಮ್ಮ 18,000 ಎಎಂಸಿ 21,240 ಆಗುತ್ತದೆ.

ಎಎಂಸಿ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ಎಡವುವುದು ಇಲ್ಲೇ. ಬೆಲೆ ಒಂದು ಸಲದ್ದು, ಇದು ಪ್ರತಿ ವರ್ಷದ್ದು, ನೀವು ಹೋದರೂ ಹೋಗದಿದ್ದರೂ. ವರ್ಷಕ್ಕೆ 6% ಏರಿದರೆ ಕೊನೆಯ ವರ್ಷ ನೀವು ಕಟ್ಟುವುದು 72,000ಕ್ಕೂ ಜಾಸ್ತಿ. 25 ವರ್ಷದ ಎಎಂಸಿ ಎಲ್ಲ ಕೂಡಿದರೆ 9.8 ಲಕ್ಷ ದಾಟುತ್ತದೆ, ಅಂದರೆ ಮೆಂಬರ್‌ಶಿಪ್‌ನ ಎರಡರಷ್ಟು. ಕಟ್ಟದಿದ್ದರೆ ಬುಕಿಂಗ್ ನಿಲ್ಲಿಸುತ್ತಾರೆ, ಬಾಕಿಗೆ ಬಡ್ಡಿ ಹಾಕುವ ಕರಾರೂ ಇರುತ್ತದೆ. ಏರಿಕೆಗೆ ಮಿತಿ ಇದೆಯಾ, ಹಣದುಬ್ಬರದ ಸೂಚ್ಯಂಕಕ್ಕೆ ಕಟ್ಟಿದ್ದಾರಾ, ಅಥವಾ ಕಂಪನಿ ಇಷ್ಟ ಬಂದಷ್ಟು ಏರಿಸಬಹುದಾ, ಇದು ಒಪ್ಪಂದದಲ್ಲಿ ಎಲ್ಲಿ ಬರೆದಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ.

ಸೀಸನ್ ಬಗ್ಗೆ. ಕ್ಲಬ್ ಮಹೀಂದ್ರಾದಲ್ಲಿ ಪರ್ಪಲ್, ರೆಡ್, ವೈಟ್, ಬ್ಲೂ ಅಂತ ಬಣ್ಣಗಳಿವೆ. ಬೇರೆ ಕಂಪನಿಗಳಲ್ಲಿ ಬೇರೆ ಹೆಸರು, ತತ್ವ ಒಂದೇ. ಜಾಸ್ತಿ ಕೊಟ್ಟವರಿಗೆ ರಜೆಯ ವಾರಗಳು, ಕಡಿಮೆ ಕೊಟ್ಟವರಿಗೆ ಯಾರಿಗೂ ಬೇಡದ ವಾರಗಳು. 4.5 ಲಕ್ಷಕ್ಕೆ ನಿಮಗೆ ಯಾವ ಸೀಸನ್ ಕೊಡುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಮಕ್ಕಳು ಶಾಲೆಯಲ್ಲಿರುವವರಿಗೆ ರಜೆಯ ವಾರಗಳಿರುವ ಮೇಲಿನ ದರ್ಜೆಯ ಸೀಸನ್ ಇಲ್ಲದಿದ್ದರೆ ಇದು ಉಪಯೋಗವೇ ಇಲ್ಲ. ಮೇಲಿನದಿದ್ದರೂ ಸಿಕ್ಕೇ ಸಿಗುತ್ತದೆ ಅಂತಲ್ಲ. ಬೆಂಗಳೂರಿನ ಮೆಂಬರ್‌ಗಳೆಲ್ಲರ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಜೆ, ಎಲ್ಲರಿಗೂ ಕಾರಿನಲ್ಲಿ ಹೋಗುವಷ್ಟು ದೂರದ ಜಾಗವೇ ಬೇಕು. ಹಬ್ಬದ ದಿನ ಮೆಜೆಸ್ಟಿಕ್‌ನಲ್ಲಿ ಪಾಸ್ ಹಿಡಿದು ನಿಂತ ಹಾಗೆ, ಪಾಸ್ ಇದೆ, ಸೀಟಿಲ್ಲ. ಒಪ್ಪಂದದಲ್ಲಿ "ಲಭ್ಯತೆಗೆ ಒಳಪಟ್ಟು" ಅನ್ನುವ ಸಾಲು ಇದ್ದೇ ಇರುತ್ತದೆ, ನೀವು ದೂರು ಕೊಟ್ಟಾಗ ಅವರು ಮೊದಲು ತೋರಿಸುವುದು ಅದನ್ನೇ.

ನಿಮ್ಮ ಮೊಬೈಲ್‌ನಲ್ಲೋ ಅವರ ಕಂಪ್ಯೂಟರ್‌ನಲ್ಲೋ ಬುಕಿಂಗ್ ಪುಟ ತೆರೆದು, ಮುಂದಿನ ದಸರಾ ರಜೆಗೆ ಕೊಡಗಿನಲ್ಲಿ ಮೂರು ರಾತ್ರಿ ತೋರಿಸಿ ಅಂತ ಕೇಳಿ. ನಮ್ಮನ್ನೂ ಇಂಥ ಮೀಟಿಂಗ್‌ಗೆ ಕರೆದಿದ್ದರು (ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿದ್ದಕ್ಕೆ, ಇನ್ನೇನು), ನಾನು ಇದನ್ನೇ ಕೇಳಿದೆ. ಅಲ್ಲಿವರೆಗೂ ಚೆನ್ನಾಗಿ ಓಡುತ್ತಿದ್ದ ಲ್ಯಾಪ್‌ಟಾಪ್‌ಗೆ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಯಿತು.

25 ವರ್ಷ ಅನ್ನುವುದೂ ಸಣ್ಣ ಅವಧಿಯಲ್ಲ. ಸುಮ್ನೆ ಈಚಿನದ್ದು ನೆನಪಿಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ಕೋವಿಡ್ ಬಂತು, 2024ರ ಮೇನಿಂದ ಊಟಿ, ಕೊಡೈಕನಾಲ್‌ಗೆ ಹೋಗಲು ಇ-ಪಾಸ್ ಬೇಕಾಯಿತು, ಅದೇ ವರ್ಷ ಜುಲೈನಲ್ಲಿ ವಯನಾಡಿನಲ್ಲಿ ಭೂಕುಸಿತದ ದುರಂತವಾಯಿತು. ಇದರ ಜೊತೆ ನಿಮ್ಮ ಮನೆಯದ್ದೂ ಇದೆ. ದೊಡ್ಡವರು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ, ಪಿಯುಸಿ ವರ್ಷ, ಅಪ್ಪ-ಅಮ್ಮನ ಆರೋಗ್ಯ, ಕೆಲಸ ಬದಲಾದದ್ದು. ಮಕ್ಕಳು ಕಾಲೇಜಿಗೆ ಹೋದ ಮೇಲೆ ನಿಮ್ಮ ಜೊತೆ ರೆಸಾರ್ಟ್‌ಗೆ ಬರುತ್ತಾರಾ ಅನ್ನುವುದೂ ಗ್ಯಾರಂಟಿ ಇಲ್ಲ.

ಕಂಪನಿ ಯಾವುದು ಅಂತ ನೀವು ಹೇಳಿಲ್ಲ, ಅದೂ ಮುಖ್ಯ. ಕ್ಲಬ್ ಮಹೀಂದ್ರಾ ನಡೆಸುವ ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಶುರುವಾಗಿದ್ದು, ಷೇರುಪೇಟೆಯಲ್ಲಿದೆ. ಇಂಥದ್ದೇ ಇನ್ನೊಂದು ಕಂಪನಿ ಸ್ಟರ್ಲಿಂಗ್ 1986ರದ್ದು, 2014ರಲ್ಲಿ ಥಾಮಸ್ ಕುಕ್ ಇಂಡಿಯಾ ಕೈಗೆ ಹೋಯಿತು. ಇಂಥವರ ವಾರ್ಷಿಕ ವರದಿ ತೆರೆದು ಎಷ್ಟು ರೂಮಿದೆ, ಎಷ್ಟು ಸ್ವಂತದ್ದು, ಎಷ್ಟು ಲೀಸ್ ಅಂತ ನೋಡಬಹುದು. ಬೇರೆಯವರ ಹೋಟೆಲ್‌ಗಳ ಜೊತೆ "ಟೈ-ಅಪ್" ಇದೆ ಅಂತ ಪಟ್ಟಿ ತೋರಿಸುವ ಚಿಕ್ಕ ಕಂಪನಿಗಳಲ್ಲಿ ಅದು ಸಾಧ್ಯವಿಲ್ಲ. ಟೈ-ಅಪ್ ನಾಳೆ ಮುರಿಯಬಹುದು. "ಬಳಸದಿದ್ದರೆ ದುಡ್ಡು ವಾಪಸ್, ಜೊತೆಗೆ ಇಷ್ಟು ಲಾಭ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್ ಹೀಗೇ ಹೋಟೆಲ್ ರಾತ್ರಿಗಳ ಹೆಸರಿನಲ್ಲಿ ದುಡ್ಡು ತಗೊಂಡಿತ್ತು. ಇದು ರಜೆಯ ಯೋಜನೆಯಲ್ಲ, ಅನುಮತಿಯಿಲ್ಲದ ಹೂಡಿಕೆ ಯೋಜನೆ ಅಂತ ಹೇಳಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2016ರಲ್ಲಿ 7,000 ಕೋಟಿಗೂ ಹೆಚ್ಚು ವಾಪಸ್ ಕೊಡಲು ಆದೇಶ ಮಾಡಿತು. ಹಾಕಿದವರು ಸುಮಾರು 50 ಲಕ್ಷ ಜನ.

"ಬೇಡವಾದರೆ ಮಾರಬಹುದು, ಆಸ್ತಿ ಇದ್ದ ಹಾಗೆ" ಅಂದಿದ್ದಾರೆ ಅಂತ ಬರೆದಿದ್ದೀರಿ. ಆಸ್ತಿಯಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಹೆಸರಿಗೆ ಏನೂ ನೋಂದಣಿ ಆಗುವುದಿಲ್ಲ, ಸಿಗುವುದು ಬಳಸುವ ಹಕ್ಕು, ಅದೂ 25 ವರ್ಷಕ್ಕೆ ಮುಗಿಯುತ್ತದೆ. ಓಎಲ್‌ಎಕ್ಸ್‌ನಲ್ಲಿ ಹುಡುಕಿ ನೋಡಿ, ಕೊಂಡ ಬೆಲೆಗಿಂತ ಎಷ್ಟೋ ಕಡಿಮೆಗೆ ಕೊಟ್ಟುಬಿಡಲು ಜನ ಕಾಯುತ್ತಿದ್ದಾರೆ. ನಿಜವಾಗಿಯೂ ಬೇಕೇ ಬೇಕು ಅಂದರೆ ಅಲ್ಲಿಂದ ಕೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಆದರೆ ಹೆಸರು ಬದಲಾವಣೆಗೆ ಶುಲ್ಕ ಎಷ್ಟು, ಹಳೆ ಬಾಕಿ ಇದೆಯಾ, ವರ್ಗಾವಣೆಯಾದ ಮೇಲೆ ಯಾವ ಸೌಲಭ್ಯ ಉಳಿಯುತ್ತದೆ ಅಂತ ಕಂಪನಿಯಿಂದಲೇ ಇಮೇಲ್ ತರಿಸಿಕೊಂಡು.

ಈಗ ನಿಮ್ಮ 10,000. ಯುರೋಪಿನಲ್ಲಿ ಟೈಮ್‌ಶೇರ್ ಕೊಂಡವರಿಗೆ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆ ಅಂಥ ಪ್ರತ್ಯೇಕ ಕಾನೂನಿಲ್ಲ, ನೀವು ಸಹಿ ಹಾಕಿದ ಫಾರಂನಲ್ಲಿ ಏನಿದೆಯೋ ಅದೇ. ಕೆಲವು ಕಂಪನಿಗಳು ಕೆಲವು ದಿನಗಳ ಅವಕಾಶ ಕೊಡುತ್ತವೆ, ಆ ಸಾಲು ಹುಡುಕಿ. ಸಿಗಲಿ ಬಿಡಲಿ, ಇವತ್ತೇ ಇಮೇಲ್ ಹಾಕಿ: ಇಂಥ ದಿನ ಇಷ್ಟು ಕೊಟ್ಟಿದ್ದೇನೆ, ನನಗೆ ಮೆಂಬರ್‌ಶಿಪ್ ಬೇಡ, ಹಣ ವಾಪಸ್ ಮಾಡಿ, ನನ್ನ ಹೆಸರಿನಲ್ಲಿ ಯಾವ ಇಎಂಐ ಕೂಡ ಶುರು ಮಾಡಬೇಡಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಅವರು ಫೋನ್ ಮಾಡಿ ಬೆಲೆ ಇಳಿಸುತ್ತಾರೆ, ಮ್ಯಾನೇಜರ್ ಮಾತಾಡುತ್ತಾರೆ, ಇನ್ನೆರಡು ರಾತ್ರಿ ಫ್ರೀ ಅನ್ನುತ್ತಾರೆ. ಏನಿದ್ದರೂ ಇಮೇಲ್‌ನಲ್ಲಿ ಕಳಿಸಿ ಅಂತ ಅವರಿಗೆ ಹೇಳಿದರೆ ಸಾಕು.

ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಚೆನ್ನೈನಲ್ಲಿರಲಿ, ಮುಂಬೈನಲ್ಲಿರಲಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಒಪ್ಪಂದದಲ್ಲಿ ಮಧ್ಯಸ್ಥಿಕೆಗೇ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನಿಸುವುದು) ಹೋಗಬೇಕು ಅಂತ ಬರೆದಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಬಿಲ್ಡರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. 10,000ಕ್ಕೆ ಅಷ್ಟು ಓಡಾಟ ಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು. ಆ 10,000 ಹೋಗುತ್ತದಲ್ಲ ಅನ್ನುವ ಸಂಕಟಕ್ಕೆ ಮಾತ್ರ ಉಳಿದ 4.4 ಲಕ್ಷ ಕಟ್ಟಬೇಡಿ.

ಅವರು ಕೊಟ್ಟ "2 ರಾತ್ರಿ 3 ದಿನ ಫ್ರೀ" ವೋಚರ್ ಬಗ್ಗೆ ಕೇಳಿದ್ದೀರಿ. ಹಿಂದುಗಡೆ ಓದಿ. ಶನಿವಾರ-ಭಾನುವಾರ ಇಲ್ಲ, ಹಬ್ಬದ ದಿನ ಇಲ್ಲ, ಊಟ ಕಡ್ಡಾಯವಾಗಿ ಅಲ್ಲೇ, "ಯುಟಿಲಿಟಿ ಚಾರ್ಜ್" ಬೇರೆ ಅಂತಿದ್ದರೆ ಮೊದಲು ಆ ಹೋಟೆಲಿನ ಮಾಮೂಲಿ ಬಾಡಿಗೆ ಆನ್‌ಲೈನ್‌ನಲ್ಲಿ ನೋಡಿ, ಎಷ್ಟೋ ಸಲ ಅದೇ ಕಡಿಮೆ ಇರುತ್ತದೆ.